ಲಯನ್ಸ್ ಸೋಲಿಗೆ ಧೈರ್ಯವನ್ನು ದೂರಬೇಡಿ

ಮಾನ್ಯ ಸಂಪಾದಕರೇ,

ಅಮೆರಿಕದ ನ್ಯಾಷನಲ್ ಫುಟ್‌ಬಾಲ್ ಲೀಗ್‌ನಲ್ಲಿ ಡೆಟ್ರಾಯ್ಟ್ ಲಯನ್ಸ್ ತಂಡದ 2023ರ ಋತು ಮುಗಿದ ಬಗ್ಗೆ ತಮ್ಮ ಕ್ರೀಡಾಪುಟದಲ್ಲಿ ಪ್ರಕಟವಾದ ಬರಹವನ್ನು ಓದಿದೆ. 2024ರ ಜನವರಿ 28ರಂದು ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ಲಾರಾದಲ್ಲಿ ನಡೆದ, ಲೀಗಿನ ಎರಡು ಬಣಗಳಲ್ಲೊಂದಾದ ಎನ್‌ಎಫ್‌ಸಿಯ ಫೈನಲ್‌ನಲ್ಲಿ ತಂಡವು ಸ್ಯಾನ್ ಫ್ರಾನ್ಸಿಸ್ಕೊ ಫೋರ್ಟಿನೈನರ್ಸ್‌ಗೆ 34–31ರಿಂದ ಸೋತದ್ದಕ್ಕೆ ಮುಖ್ಯ ತರಬೇತುದಾರ ಡ್ಯಾನ್ ಕ್ಯಾಂಪ್‌ಬೆಲ್ ಅವರ ದುಡುಕೇ ಕಾರಣವೆಂದೂ, ಲೀಗ್ ಪ್ರಶಸ್ತಿಯ ಅಂತಿಮ ಪಂದ್ಯವಾದ ಸೂಪರ್ ಬೌಲ್ ಆಡುವ, ಕೈಗೆ ಬಂದಿದ್ದ ಅವಕಾಶವನ್ನು ಅವರು ಜೂಜಿಗೆ ಕಳೆದರೆಂದೂ ಆ ಬರಹ ತೀರ್ಮಾನಿಸಿದೆ. ಅದೇ ತರಬೇತುದಾರರ ಅದೇ ಸ್ವಭಾವದಿಂದಲೇ ತಂಡ ಆ ಪಂದ್ಯದವರೆಗೆ ಬಂದಿತ್ತು ಎಂಬುದನ್ನು ಬರಹ ಗಣನೆಗೆ ತೆಗೆದುಕೊಂಡಿಲ್ಲ. ಅದಕ್ಕಾಗಿಯೇ ಈ ಪತ್ರ.

ಈ ಆಟವನ್ನು ಹೊಸದಾಗಿ ನೋಡುವವರಿಗೆ ಒಂದು ನಿಯಮವನ್ನು ಹೇಳದೆ ಚರ್ಚೆ ಮುಂದುವರಿಯದು. ಚೆಂಡು ಹಿಡಿದ ತಂಡಕ್ಕೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶಗಳಿರುತ್ತವೆ. ಒಂದೊಂದನ್ನೂ ಡೌನ್ ಎನ್ನುತ್ತಾರೆ. ಮೂರು ಡೌನ್‌ಗಳಲ್ಲಿ ಹತ್ತು ಗಜ ದಾಟಲಾಗದಿದ್ದರೆ ಬಹುತೇಕ ತಂಡಗಳು ನಾಲ್ಕನೆಯದನ್ನು ಪಣಕ್ಕಿಡದೆ, ಗೋಲು ಕಂಬ ದೂರವಿದ್ದರೆ ಚೆಂಡನ್ನು ಎದುರಾಳಿಯ ಅಂಗಳದ ಆಳಕ್ಕೆ ಒದ್ದುಬಿಡುತ್ತವೆ, ಹತ್ತಿರವಿದ್ದರೆ ಚೆಂಡನ್ನು ಕಂಬಗಳ ನಡುವೆ ಒದೆಯುವ ಫೀಲ್ಡ್ ಗೋಲ್‌ಗೆ ಯತ್ನಿಸಿ ಮೂರು ಅಂಕಗಳಿಗೆ ತೃಪ್ತಿಪಡುತ್ತವೆ. ನಾಲ್ಕನೆಯ ಡೌನ್‌ನಲ್ಲೂ ಆಡಿ ವಿಫಲವಾದರೆ ಚೆಂಡು ನಿಂತ ಜಾಗದಲ್ಲೇ ಎದುರಾಳಿಯ ಪಾಲಾಗುತ್ತದೆ. ಕ್ಯಾಂಪ್‌ಬೆಲ್ ಅವರ ಲಯನ್ಸ್ ಈ ನಾಲ್ಕನೆಯ ಡೌನ್‌ನಲ್ಲಿ ಆಡಲು ಹಿಂಜರಿಯದ ತಂಡವೆಂದು ಲೀಗಿನಲ್ಲೆಲ್ಲ ಹೆಸರಾಗಿದೆ.

ತಮ್ಮ ಬರಹ ಆಕ್ಷೇಪಿಸುವ ನಿರ್ಧಾರಗಳು ಎರಡು. ಮೂರನೆಯ ಕ್ವಾರ್ಟರ್‌ನಲ್ಲಿ ಲಯನ್ಸ್ 24–10ರಿಂದ ಮುಂದಿದ್ದಾಗ, ಎದುರಾಳಿಯ 28 ಗಜದ ಗೆರೆಯಲ್ಲಿ (ಅವರ ಗೋಲು ಗೆರೆಯಿಂದ 28 ಗಜ ದೂರದಲ್ಲಿ) ನಾಲ್ಕನೆಯ ಡೌನ್, ಬೇಕಾದದ್ದು ಎರಡು ಗಜ. ಫೀಲ್ಡ್ ಗೋಲ್ ಬಿಟ್ಟು ಆಡಲು ಹೊರಟ ತಂಡದ ಪರವಾಗಿ, ದಾಳಿಯನ್ನು ನಡೆಸಿ ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಜಾರೆಡ್ ಗಾಫ್ ಎಸೆದ ಚೆಂಡು ಜಾಶ್ ರೆನಾಲ್ಡ್ಸ್ ಅವರ ಕೈಗೆ ತಾಗಿ ನೆಲಕ್ಕೆ ಬಿತ್ತು. ಎರಡನೆಯದು ನಾಲ್ಕನೆಯ ಕ್ವಾರ್ಟರ್‌ನಲ್ಲಿ, 27–24ರಿಂದ ಹಿಂದಿದ್ದಾಗ, 30 ಗಜದ ಗೆರೆಯಲ್ಲಿ ಮೂರು ಗಜಕ್ಕಾಗಿ. ಅಲ್ಲಿಯೂ ಪಾಸ್ ಗುರಿ ಮುಟ್ಟಲಿಲ್ಲ. ಒದ್ದಿದ್ದರೆ ಮೊದಲನೆಯದರಲ್ಲಿ ಮುನ್ನಡೆ ಹದಿನೇಳು ಅಂಕಗಳಿಗೆ ಮರಳುತ್ತಿತ್ತು, ಎರಡನೆಯದರಲ್ಲಿ ಪಂದ್ಯ ಸಮವಾಗುತ್ತಿತ್ತು ಎಂಬುದು ಬರಹದ ವಾದ. ಆದರೆ ಅಷ್ಟು ದೂರದಿಂದ ಒದ್ದ ಚೆಂಡು ಕಂಬಗಳ ನಡುವೆ ಹೋಗಿಯೇ ಹೋಗುತ್ತಿತ್ತೆಂದು ಮೊದಲೇ ಲೆಕ್ಕ ಬರೆದಿಟ್ಟುಕೊಳ್ಳುವುದು ಸರಿಯಲ್ಲ. ಎರಡೂ ಯತ್ನಗಳು 46 ಗಜದ ಆಸುಪಾಸಿನಿಂದ, ಬಯಲು ಮೈದಾನದಲ್ಲಿ ಆಗಬೇಕಿತ್ತು. ಲಯನ್ಸ್‌ನ ತವರು ಫೋರ್ಡ್ ಫೀಲ್ಡ್ ಚಾವಣಿಯುಳ್ಳ ಕ್ರೀಡಾಂಗಣ. ಮೇಲಾಗಿ ತಂಡವು ಆ ಡಿಸೆಂಬರ್‌ನಲ್ಲಷ್ಟೇ ತನ್ನ ಕಿಕರ್‌ನನ್ನು ಬದಲಿಸಿತ್ತು.

ಇಲ್ಲಿ ನವೆಂಬರ್ 12ರ ಪಂದ್ಯವನ್ನು ನೆನಪಿಸಲೇಬೇಕು. ಲಾಸ್ ಏಂಜಲೀಸ್ ಚಾರ್ಜರ್ಸ್ ಎದುರು ಅಂಕ 38–38ರಲ್ಲಿ ಸಮವಾಗಿತ್ತು, ಆಟ ಮುಗಿಯಲು ಎರಡು ನಿಮಿಷವೂ ಉಳಿದಿರಲಿಲ್ಲ. ಎದುರಾಳಿಯ 26 ಗಜದ ಗೆರೆಯಲ್ಲಿ ನಾಲ್ಕನೆಯ ಡೌನ್, ಬೇಕಾದದ್ದು ಅಲ್ಲಿಯೂ ಎರಡೇ ಗಜ. ಆಗ ಒದ್ದು ಮೂರು ಅಂಕ ಪಡೆದಿದ್ದರೆ, ಆ ದಿನ ತಡೆಯಲು ಸಾಧ್ಯವೇ ಆಗದಂತೆ ಆಡುತ್ತಿದ್ದ ಚಾರ್ಜರ್ಸ್ ಕೈಗೆ ಚೆಂಡೂ ಸಮಯವೂ ಎರಡೂ ಸಿಗುತ್ತಿದ್ದವು. ಕ್ಯಾಂಪ್‌ಬೆಲ್ ಆಡಲು ಹೇಳಿದರು. ಗಾಫ್ ಎಸೆದ ಚೆಂಡನ್ನು ಹೊಸಬ ಸ್ಯಾಮ್ ಲಪೋರ್ಟಾ ಹಿಡಿದು ಬೇಕಾದ ಗಜಗಳನ್ನು ದಾಟಿದರು. ಗಡಿಯಾರವನ್ನು ಕೊನೆಯ ಕ್ಷಣದವರೆಗೆ ಓಡಿಸಿ, ಅಂತಿಮ ಒದೆತದಲ್ಲಿ ತಂಡ 41–38ರಿಂದ ಗೆದ್ದಿತು. ಮೈದಾನದ ಬಹುತೇಕ ಅದೇ ಜಾಗ, ಅಷ್ಟೇ ದೂರ, ಅದೇ ಕ್ವಾರ್ಟರ್‌ಬ್ಯಾಕ್, ಅದೇ ತರಬೇತುದಾರ. ನವೆಂಬರ್‌ನಲ್ಲಿ ಚೆಂಡು ಕೈಯಲ್ಲಿ ನಿಂತಿತು, ಜನವರಿಯಲ್ಲಿ ಜಾರಿತು. ಮೊದಲನೆಯದನ್ನು ದಿಟ್ಟತನವೆಂದು ಕೊಂಡಾಡಿ ಎರಡನೆಯದನ್ನು ಮೂರ್ಖತನವೆಂದು ಹಳಿಯುವವರು ನಿರ್ಧಾರವನ್ನು ತೂಗುತ್ತಿಲ್ಲ, ಫಲಿತಾಂಶವನ್ನು ಮಾತ್ರ ಓದುತ್ತಿದ್ದಾರೆ.

ಋತುವಿನ ಮೊದಲ ಪಂದ್ಯದಲ್ಲೇ ಈ ರೀತಿ ಎದ್ದು ಕಂಡಿತ್ತು. ಸೆಪ್ಟೆಂಬರ್ 7ರಂದು ಹಾಲಿ ಚಾಂಪಿಯನ್ ಕಾನ್ಸಾಸ್ ಸಿಟಿ ಚೀಫ್ಸ್‌ನ ಅಂಗಳದಲ್ಲಿ, ಮೊದಲ ಕ್ವಾರ್ಟರ್‌ನಲ್ಲೇ, ತನ್ನದೇ 17 ಗಜದ ಗೆರೆಯಲ್ಲಿ ನಾಲ್ಕನೆಯ ಡೌನ್ ಎದುರಾದಾಗ ಲಯನ್ಸ್ ಪಂಟ್ ಮಾಡುವಂತೆ, ಅಂದರೆ ಚೆಂಡನ್ನು ದೂರಕ್ಕೆ ಒದ್ದುಬಿಡುವಂತೆ ನಟಿಸಿ ಚೆಂಡನ್ನು ಓಡಿಸಿತು. ವಿಫಲವಾಗಿದ್ದರೆ ಅಂದೇ ಎಲ್ಲರೂ ನಗುತ್ತಿದ್ದರು. ಅದು ಫಲಿಸಿತು, ಆ ದಾಳಿ ಚೆಂಡನ್ನು ಎದುರಾಳಿಯ ಗೋಲು ಗೆರೆ ದಾಟಿಸುವ ಟಚ್‌ಡೌನ್‌ನಲ್ಲಿ ಮುಗಿಯಿತು, ಪಂದ್ಯ 21–20ರಿಂದ ಡೆಟ್ರಾಯ್ಟ್ ಪಾಲಾಯಿತು. ಡಿಸೆಂಬರ್ 30ರಂದು ಡಲ್ಲಾಸ್ ಕೌಬಾಯ್ಸ್ ಎದುರು ಇದೇ ಧೋರಣೆಗೆ ಬೆಲೆ ತೆರಬೇಕಾಯಿತು. ಕೊನೆಯ ಸೆಕೆಂಡುಗಳಲ್ಲಿ ಟಚ್‌ಡೌನ್ ಗಳಿಸಿದ ಮೇಲೆ ಒಂದು ಅಂಕಕ್ಕೆ ಒದ್ದು ಸಮ ಮಾಡಿಕೊಳ್ಳದೆ ಲಯನ್ಸ್ ಎರಡು ಅಂಕಗಳಿಗೆ ಆಡಿತು. ಟೇಲರ್ ಡೆಕರ್ ಚೆಂಡು ಹಿಡಿದರೂ, ಪಾಸ್ ಹಿಡಿಯಲು ಅರ್ಹನೆಂದು ವರದಿ ಮಾಡಿಕೊಂಡ ಆಟಗಾರ ಬೇರೊಬ್ಬನೆಂದು ಅಂಪೈರ್‌ಗಳು ಅದನ್ನು ರದ್ದುಪಡಿಸಿದರು. ಆ ತೀರ್ಪಿನ ಬಗ್ಗೆ ವಾರಗಟ್ಟಲೆ ವಾದ ನಡೆಯಿತು. ತಂಡ 20–19ರಿಂದ ಸೋತಿತು, ಆದರೆ ಆಡುವ ರೀತಿಯನ್ನು ಬದಲಿಸಲಿಲ್ಲ.

ಈ ರೀತಿಗೆ ಅಷ್ಟು ಬೆಲೆ ಏಕೆಂದರೆ, ಡೆಟ್ರಾಯ್ಟ್ ಎಲ್ಲಿಂದ ಬಂದ ತಂಡವೆಂಬುದನ್ನು ನೋಡಬೇಕು. 1957ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ನ್ನು 59–14ರಿಂದ ಸೋಲಿಸಿ ಲೀಗ್ ಪ್ರಶಸ್ತಿ ಗೆದ್ದ ಬಳಿಕ, ಈ ಋತುವಿನವರೆಗೆ ಅದು ಪ್ಲೇಆಫ್‌ನಲ್ಲಿ (ಋತುವಿನ ಕೊನೆಯ ನಾಕೌಟ್ ಹಂತದಲ್ಲಿ) ಗೆದ್ದದ್ದು ಒಂದೇ ಒಂದು ಪಂದ್ಯ. ಅದೂ 1992ರ ಜನವರಿಯಲ್ಲಿ. ಸೂಪರ್ ಬೌಲ್ ಅಂಗಳವನ್ನು ಅದು ಈವರೆಗೆ ತುಳಿದೇ ಇಲ್ಲ. 2008ರಲ್ಲಿ ಹದಿನಾರಕ್ಕೆ ಹದಿನಾರೂ ಪಂದ್ಯಗಳನ್ನು ಸೋತ ಲೀಗಿನ ಮೊದಲ ತಂಡ ಇದೇ. ಬ್ಯಾರಿ ಸ್ಯಾಂಡರ್ಸ್, ಕ್ಯಾಲ್ವಿನ್ ಜಾನ್ಸನ್ ಅವರಂಥ ಅಸಾಮಾನ್ಯ ಆಟಗಾರರು ಇನ್ನೂ ಕಸುವು ಇದ್ದಾಗಲೇ ಇಲ್ಲಿಂದ ನಿವೃತ್ತರಾಗಿ ಹೋದರು. ಸೋಲನ್ನು ಅಭ್ಯಾಸ ಮಾಡಿಕೊಂಡಿದ್ದ ಇಂಥ ತಂಡವನ್ನು 2021ರ ಜನವರಿಯಲ್ಲಿ ಕ್ಯಾಂಪ್‌ಬೆಲ್ ವಹಿಸಿಕೊಂಡರು. ಮೊದಲ ವರ್ಷ ಗೆಲುವು ಮೂರು, ಸೋಲು ಹದಿಮೂರು, ಸಮ ಒಂದು. ಮೊದಲ ಗೆಲುವು ಬಂದದ್ದೇ ಡಿಸೆಂಬರ್‌ನಲ್ಲಿ. ಮರುವರ್ಷವೂ ಮೊದಲ ಏಳರಲ್ಲಿ ಆರನ್ನು ಸೋತು, ಆಮೇಲೆ ಮೈಕೊಡವಿ ಎದ್ದು 9–8ಕ್ಕೆ ಮುಗಿಸಿದರು.

ತಂಡ ಕಟ್ಟಿದ ಬಗೆಯಲ್ಲೂ ಜನರಲ್ ಮ್ಯಾನೇಜರ್ ಬ್ರಾಡ್ ಹೋಮ್ಸ್ ತೋರಿದ್ದು ಅದೇ ನಿಲುವು. ಡೆಟ್ರಾಯ್ಟ್‌ನ ಅಚ್ಚುಮೆಚ್ಚಿನ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಟಾಫರ್ಡ್ ಅವರನ್ನು ಲಾಸ್ ಏಂಜಲೀಸ್ ರ್‍ಯಾಮ್ಸ್‌ಗೆ ಬಿಟ್ಟುಕೊಟ್ಟು, ಅಲ್ಲಿ ಬೇಡವಾಗಿದ್ದ ಗಾಫ್ ಅವರನ್ನೂ ಮುಂದಿನ ಡ್ರಾಫ್ಟ್‌ಗಳಲ್ಲಿ (ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಪ್ರಕ್ರಿಯೆ) ಆಯ್ಕೆಯ ಹಕ್ಕುಗಳನ್ನೂ ಪಡೆದರು. ಸ್ಟಾಫರ್ಡ್ ಮರುವರ್ಷವೇ ಸೂಪರ್ ಬೌಲ್ ಗೆದ್ದಾಗ ಡೆಟ್ರಾಯ್ಟ್ ಮೋಸ ಹೋಯಿತೆಂದು ಹಲವರು ಭಾವಿಸಿದರು. ಆದರೆ ಹಾಗೆ ಬಂದ ಹಕ್ಕುಗಳಲ್ಲೊಂದನ್ನು ಮತ್ತೊಂದು ತಂಡದೊಂದಿಗೆ ಬದಲಿಸಿಕೊಂಡದ್ದರಿಂದಲೇ 2023ರ ಡ್ರಾಫ್ಟ್‌ನಲ್ಲಿ ಜಮೀರ್ ಗಿಬ್ಸ್ ಮತ್ತು ಲಪೋರ್ಟಾ ಇಬ್ಬರೂ ದೊರೆತರು. ಗಿಬ್ಸ್ ಆಯ್ಕೆಯನ್ನು ಅಂದು ಟೀಕಿಸಿದವರು ಬಹಳ. ಇಬ್ಬರೂ ಮೊದಲ ಋತುವಿನಲ್ಲೇ ತಲಾ ಹತ್ತು ಟಚ್‌ಡೌನ್‌ಗಳಿಗಿಂತ ಕಡಿಮೆ ಗಳಿಸಲಿಲ್ಲ. 2021ರ ಡ್ರಾಫ್ಟ್‌ನಲ್ಲಿ 112ನೆಯವರಾಗಿ ಆಯ್ಕೆಯಾಗಿದ್ದ ಅಮೊನ್-ರಾ ಸೇಂಟ್ ಬ್ರೌನ್ ಈ ಋತುವಿನಲ್ಲಿ 119 ಪಾಸ್‌ಗಳನ್ನು ಹಿಡಿದು 1,515 ಗಜ ಗಳಿಸಿದರು.

ಡಿಸೆಂಬರ್ 24ರಂದು ಮಿನೆಸೋಟಾದಲ್ಲಿ 30–24ರಿಂದ ಗೆದ್ದು ತಂಡವು ತನ್ನ ವಿಭಾಗದ ಅಗ್ರಸ್ಥಾನವನ್ನು ಖಚಿತಪಡಿಸಿಕೊಂಡಿತು. 1993ರ ಬಳಿಕ ಇದೇ ಮೊದಲು. 12–5ರಲ್ಲಿ ಋತು ಮುಗಿದು, ಜನವರಿ 14ರಂದು ಫೋರ್ಡ್ ಫೀಲ್ಡ್ ತನ್ನ ಮೊಟ್ಟಮೊದಲ ಪ್ಲೇಆಫ್ ಪಂದ್ಯವನ್ನು ಕಂಡಿತು. ಎದುರಾಳಿ ರ್‍ಯಾಮ್ಸ್, ಅವರ ಕ್ವಾರ್ಟರ್‌ಬ್ಯಾಕ್ ಸ್ಟಾಫರ್ಡ್. ಅಂದು ಆ ಕ್ರೀಡಾಂಗಣ ಒಕ್ಕೊರಲಿನಿಂದ ಕೂಗಿದ್ದು ಗಾಫ್ ಹೆಸರನ್ನು. 24–23ರಿಂದ ಮುಂದಿದ್ದ ಲಯನ್ಸ್ ಕೊನೆಯ ನಿಮಿಷಗಳಲ್ಲಿ ಸುಮ್ಮನೆ ಓಡಿ ಸಮಯ ಕಳೆಯಬಹುದಿತ್ತು. ಬದಲಿಗೆ ಗಾಫ್ ಪಾಸ್ ಎಸೆದರು, ಸೇಂಟ್ ಬ್ರೌನ್ ಹಿಡಿದರು, ಸ್ಟಾಫರ್ಡ್ ಕೈಗೆ ಚೆಂಡು ಮತ್ತೆ ಸಿಗಲೇ ಇಲ್ಲ. ಮೂವತ್ತೆರಡು ವರ್ಷಗಳ ಕಾಯುವಿಕೆ ಮುಗಿದದ್ದು ಹಾಗೆ. ಮುಂದಿನ ವಾರ ಟ್ಯಾಂಪಾ ಬೇ ಬಕನಿಯರ್ಸ್ 31–23ರಿಂದ ಮಣಿಯಿತು.

ಇನ್ನು ಸ್ಯಾಂಟಾ ಕ್ಲಾರಾದ ದ್ವಿತೀಯಾರ್ಧ. ವಿರಾಮಕ್ಕೆ 24–7ರಿಂದ ಮುಂದಿದ್ದ ತಂಡ ಸೋತದ್ದು ಎರಡು ನಿರ್ಧಾರಗಳಿಂದ ಮಾತ್ರವಲ್ಲ. ಎದುರಾಳಿ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ ಎಸೆದ ಉದ್ದನೆಯ ಪಾಸ್ ಡೆಟ್ರಾಯ್ಟ್ ರಕ್ಷಕ ಕಿಂಡಲ್ ವಿಲ್ಡರ್ ಅವರ ಹೆಲ್ಮೆಟ್‌ಗೆ ಬಡಿದು ಮೇಲೆ ಚಿಮ್ಮಿ, ನೆಲ ಮುಟ್ಟುವ ಮೊದಲು ಪರ್ಡಿಯ ಜೊತೆಗಾರ ಬ್ರಾಂಡನ್ ಅಯುಕ್ ಕೈಸೇರಿ 51 ಗಜ ತಂದುಕೊಟ್ಟಿತು. ಅದರ ಬೆನ್ನಿಗೇ ಗಿಬ್ಸ್ ಕೈಯಿಂದ ಚೆಂಡು ಜಾರಿ ಎದುರಾಳಿಗೆ ಹೋಯಿತು. ರೆನಾಲ್ಡ್ಸ್ ಮತ್ತೊಂದು ಪಾಸನ್ನೂ ಕೈಬಿಟ್ಟರು. ಪಾಸ್‌ಗಳನ್ನು ತಡೆಯುವುದರಲ್ಲಿ ಈ ತಂಡ ಋತುವಿಡೀ ದುರ್ಬಲವಾಗಿತ್ತು, ಆ ದೌರ್ಬಲ್ಯ ಅಂದೂ ಕಾಡಿತು. ತರಬೇತುದಾರರನ್ನು ಟೀಕಿಸಲೇಬೇಕೆಂದಿದ್ದರೆ ಬೇರೊಂದು ಘಳಿಗೆಯಿದೆ: ಕೊನೆಯ ಒಂದೂವರೆ ನಿಮಿಷದೊಳಗೆ, ಹತ್ತು ಅಂಕಗಳಿಂದ ಹಿಂದಿದ್ದು ಗೋಲು ಗೆರೆಯ ಬಳಿ ನಿಂತಾಗ, ಮೂರನೆಯ ಡೌನ್‌ನಲ್ಲಿ ಚೆಂಡನ್ನು ಓಡಿಸಿ, ಅದು ಫಲಿಸದೆ ಗಡಿಯಾರ ನಿಲ್ಲಿಸುವ ಒಂದು ಟೈಮ್‌ಔಟ್ ಕಳೆದುಕೊಂಡರು. ಟಚ್‌ಡೌನ್ ಬಂದರೂ ಚೆಂಡನ್ನು ಮತ್ತೆ ಪಡೆಯಲು ಆಮೇಲೆ ಉಳಿದದ್ದು ಚೆಂಡನ್ನು ಹತ್ತಿರಕ್ಕೇ ಒದ್ದು ತಾವೇ ಹಿಡಿಯಲು ಯತ್ನಿಸುವ ಆನ್‌ಸೈಡ್ ಕಿಕ್ ಒಂದೇ. ಅದು ನಿಜವಾದ ತಪ್ಪು, ಅದನ್ನು ತಮ್ಮ ಬರಹ ಪ್ರಸ್ತಾಪಿಸಿಯೇ ಇಲ್ಲ. ಹಾಗೆಯೇ, ಮೊದಲಾರ್ಧದ ಕೊನೆಯಲ್ಲಿ ಗೋಲು ಗೆರೆಯ ಸನಿಹದಲ್ಲಿ ಇದೇ ಕ್ಯಾಂಪ್‌ಬೆಲ್ ನಾಲ್ಕನೆಯ ಡೌನ್‌ನಲ್ಲಿ ಆಡದೆ ಫೀಲ್ಡ್ ಗೋಲ್‌ನ ಮೂರು ಅಂಕ ತೆಗೆದುಕೊಂಡದ್ದನ್ನೂ ಹೇಳಿಲ್ಲ. ಕಣ್ಣುಮುಚ್ಚಿ ಜೂಜಾಡುವವರು ಹಾಗೆ ಮಾಡುವುದಿಲ್ಲ.

ಪಂದ್ಯದ ನಂತರ ಕ್ಯಾಂಪ್‌ಬೆಲ್ ಆ ಎರಡು ನಿರ್ಧಾರಗಳ ಬಗ್ಗೆ ಪಶ್ಚಾತ್ತಾಪವಿಲ್ಲವೆಂದರು. ಅದನ್ನು ಹಟಮಾರಿತನವೆಂದು ಬಣ್ಣಿಸುವುದು ಸುಲಭ. ಆದರೆ ಗೆದ್ದಾಗ ಆಟಗಾರರ ಮೇಲೆ ಇಟ್ಟ ನಂಬಿಕೆಯನ್ನು, ಅವರಲ್ಲೊಬ್ಬ ಚೆಂಡು ಕೈಬಿಟ್ಟ ರಾತ್ರಿ ಹಿಂದಕ್ಕೆ ಪಡೆದಿದ್ದರೆ ಮುಂದಿನ ಋತುವಿನಲ್ಲಿ ಆ ಆಟಗಾರರು ಅವರ ಮಾತಿಗೆ ಏನು ಬೆಲೆ ಕೊಡುತ್ತಿದ್ದರು?

ಈ ಆಟದ ವರದಿಗಳು ಕನ್ನಡದಲ್ಲಿ ಬರುವುದೇ ಅಪರೂಪ. ಆ ಕಾರಣಕ್ಕೆ ತಮಗೆ ಕೃತಜ್ಞತೆ ಸಲ್ಲಬೇಕು. ಓದುಗರಲ್ಲಿ ಹಲವರಿಗೆ ಈ ತಂಡದ ಪರಿಚಯ ಆ ಒಂದು ಬರಹದಿಂದಲೇ ಆಗಿರಬಹುದಾದ್ದರಿಂದ, ಚಾರ್ಜರ್ಸ್ ಎದುರಿನ ಆ ನಾಲ್ಕನೆಯ ಡೌನ್ ಮತ್ತು ಸ್ಯಾಂಟಾ ಕ್ಲಾರಾದ ನಾಲ್ಕನೆಯ ಡೌನ್ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು, ಇಡೀ ಋತುವಿನ ಪಂದ್ಯಗಳ ಪಟ್ಟಿಯೊಂದಿಗೆ ಮತ್ತೊಂದು ಬರಹವನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ತಮ್ಮ ಕ್ರೀಡಾಪುಟದ ಓದುಗ