ಟೈಪಿಂಗ್ ಅಂಗಡಿಯ ಆ ಅಕ್ಕನಿಗೆ

2020ರ ಮಳೆಗಾಲದಲ್ಲಿ ಮಂಗಳೂರು ಕೋರ್ಟಿನ ಹತ್ತಿರದ ಟೈಪಿಂಗ್ ಅಂಗಡಿಯಲ್ಲಿ ಸಿಕ್ಕಿದ ಅಕ್ಕ, ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಮಾಸ್ಕಿನಿಂದಾಗಿ ಮುಖವೂ ಪೂರ್ತಿ ಕಂಡಿರಲಿಲ್ಲ.

ವಿಚ್ಛೇದನ ಆಗಿತ್ತು. ಮಗಳ ಪಾಲನೆಯ ಆದೇಶದ ಮೇಲೆ ಅಪೀಲು ಹಾಕಲು ಇದ್ದ 30 ದಿನ ಲಾಕ್‌ಡೌನಿನಲ್ಲೇ ಕಳೆದುಹೋಗಿತ್ತು. ಕೈಕಾಲು ನಡುಗುತ್ತಿದ್ದ ನನ್ನನ್ನು ಕೂರಿಸಿ, "ಹೆದರ್ಬೇಡಿ ಮಾರಾಯ್ರೆ, ಮಾರ್ಚ್ 15ರಿಂದ ಗಡುವು ವಿಸ್ತರಿಸಿ ಸುಪ್ರೀಂ ಕೋರ್ಟೇ ಆದೇಶ ಮಾಡಿದೆ" ಅಂದಿರಿ. ಮೊಬೈಲಿನಲ್ಲಿ ಆ ಆದೇಶ ತೆಗೆದು ತೋರಿಸಿದಿರಿ. ಫೀಸು ಕೊಡಲು ದುಡ್ಡಿಲ್ಲ ಎಂದಾಗ, ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ ಎಂದವರೂ ನೀವೇ. 1987ರ ಕಾಯ್ದೆಯ 12ನೇ ಸೆಕ್ಷನ್ ಅಂತ ಚೀಟಿಯಲ್ಲಿ ಬರೆದೂ ಕೊಟ್ಟಿರಿ. ಅಲ್ಲಿಯವರೆಗೆ ಇದನ್ನು ನನಗೆ ಯಾರೂ ಹೇಳಿರಲಿಲ್ಲ, ದುಡ್ಡು ತೆಗೆದುಕೊಂಡವರು ಕೂಡ.

ಇನ್ನೊಂದು ಮಾತು ಆಗ ನನಗೆ ಸಿಟ್ಟು ತರಿಸಿತ್ತು. ಮಗಳ ಅಪ್ಪ ಕಾಸರಗೋಡಿನಲ್ಲಿ; ಕೇರಳ ಗಡಿಯ ತಲಪಾಡಿ ದಾಟುವುದೆಂದರೆ ಪಾಸು, ಕ್ವಾರಂಟೈನ್ ಎಂಬ ರಗಳೆ. "ಬರಲಿಕ್ಕಾಗದಿದ್ರೆ ವಿಡಿಯೋ ಕಾಲ್ ನೀವೇ ಮಾಡಿಸಿ. ದಿನ, ಹೊತ್ತು ಬರೆದಿಡಿ. ಜಗಳ ನಿಮ್ಮಿಬ್ಬರದ್ದು, ಮಗುವಿನದ್ದಲ್ಲ" ಅಂದಿರಿ. ಮನಸ್ಸಿಲ್ಲದಿದ್ದರೂ ಮಾಡಿಸಿದೆ, ಪುಸ್ತಕದಲ್ಲಿ ಬರೆದೂ ಇಟ್ಟೆ. ಆಮೇಲೆ ಮಾತುಕತೆಯಲ್ಲಿ ಭೇಟಿಯ ದಿನಗಳು ತೀರ್ಮಾನವಾಗಲು ಆ ಪುಸ್ತಕವೇ ಆಧಾರವಾಯಿತು. ಅಪೀಲು ಬೇಕಾಗಲೇ ಇಲ್ಲ.

ಟೈಪಿಂಗಿನ ದುಡ್ಡಿಗಿಂತ ಒಂದು ರೂಪಾಯಿ ಹೆಚ್ಚು ನೀವು ಮುಟ್ಟಲಿಲ್ಲ. ಆಮೇಲೆ ಹುಡುಕಿಕೊಂಡು ಬಂದಾಗ ಅಂಗಡಿ ಬೇರೆಯವರ ಕೈಗೆ ಹೋಗಿತ್ತು. ಹಾಗಾಗಿ ಇಲ್ಲಿಯೇ ಹೇಳುತ್ತಿದ್ದೇನೆ ಅಕ್ಕ, ನಿಮ್ಮಿಂದ ದೊಡ್ಡ ಉಪಕಾರ ಆಯ್ತು.