ಮಾರ್ಷಲಿನ್ ಹಾಡಿದ ಮೇಲೆ

ಆತ್ಮೀಯರೇ,

ಕಳೆದ ಶನಿವಾರ ಜರ್ಮನ್ ಸಂಗೀತ ರಚನಕಾರ ರಿಚರ್ಡ್ ಸ್ಟ್ರೌಸ್ ಅವರ ‘ಡೆರ್ ರೋಸೆನ್‌ಕವಲಿಯರ್’ ಒಪೆರಾದಲ್ಲಿ ಮಾರ್ಷಲಿನ್ ಪಾತ್ರವನ್ನು ಮೊದಲಿನಿಂದ ಕೊನೆಯವರೆಗೆ ಹಾಡಿ ಮುಗಿಸಿದೆ. ಚಳಿಗಾಲದಲ್ಲಿ ನನ್ನ ಗಂಟಲಿಗೆ ಏನಾಯಿತು, ವೈದ್ಯರು ಏನು ಹೇಳಿದರು ಎಂಬುದೆಲ್ಲ ನಿಮಗೆ ಗೊತ್ತಿರುವುದರಿಂದ ಅದನ್ನು ಮತ್ತೆ ಬರೆಯುವುದಿಲ್ಲ. ಧ್ವನಿ ಮರಳಿ ಬಂದಿದೆ. ಅದು ಮರಳುವಂತೆ ಮಾಡಿದವರ ಋಣವನ್ನು ನೆನೆಯುವುದಷ್ಟೇ ಈ ಬರಹದ ಉದ್ದೇಶ.

ಊರಿನಿಂದ ಫೋನ್ ಮಾಡಿದವರಲ್ಲಿ ಅನೇಕರು “ಮುದುಕಿಯ ಪಾತ್ರವಂತೆ, ಹೌದೇ?” ಎಂದು ಕೇಳಿದ್ದೀರಿ. ಹೌದೆನ್ನಲೂ ಆಗದು, ಅಲ್ಲವೆನ್ನಲೂ ಆಗದು. ಈ ಒಪೆರಾ 1911ರ ಜನವರಿ 26ರಂದು ಡ್ರೆಸ್ಡೆನ್‌ನಲ್ಲಿ ಮೊದಲ ಬಾರಿಗೆ ರಂಗಕ್ಕೆ ಬಂತು. ಸಾಹಿತ್ಯ ಹ್ಯೂಗೊ ಫಾನ್ ಹೋಫ್‌ಮನ್ಸ್‌ಟಾಲ್ ಅವರದು, ಕತೆ ನಡೆಯುವುದು ಮಹಾರಾಣಿ ಮರಿಯಾ ತೆರೇಸಾ ಆಳುತ್ತಿದ್ದ ಕಾಲದ ವಿಯೆನ್ನಾದಲ್ಲಿ. ಮಾರ್ಷಲಿನ್ ಎಂದರೆ ಸೇನಾಪತಿಯ ಹೆಂಡತಿ, ಹುಟ್ಟುಹೆಸರು ಮರಿ ತೆರೇಸ್. ಅವಳ ಪ್ರಿಯಕರ ಆಕ್ಟೇವಿಯನ್‌ಗೆ ಹದಿನೇಳು ವರ್ಷ, ಅವನ ಪಾತ್ರವನ್ನೂ ಹೆಣ್ಣೇ ಹಾಡುತ್ತಾಳೆ. ಮಾರ್ಷಲಿನ್‌ಗೆ ಹೆಚ್ಚೆಂದರೆ ಮೂವತ್ತೆರಡು ಎಂದು ಸ್ವತಃ ಸ್ಟ್ರೌಸ್ ಬರೆದಿದ್ದಾರೆ. ಆದರೂ ಒಂದು ಬೆಳಗ್ಗೆ ಕನ್ನಡಿಯ ಮುಂದೆ ಕುಳಿತು, ಇವತ್ತು ನನ್ನನ್ನು ಮುದುಕಿ ಮಾಡಿಬಿಟ್ಟೆಯಲ್ಲ ಎಂದು ಕೇಶಾಲಂಕಾರ ಮಾಡುವವನನ್ನು ಆಕ್ಷೇಪಿಸುತ್ತಾಳೆ. ಅಲ್ಲಿಂದ ಮೊದಲ ಅಂಕದ ಬಣ್ಣವೇ ಬದಲಾಗುತ್ತದೆ. ಮೂವತ್ತೆರಡನ್ನು ದಾಟಿ ಬಹಳ ಕಾಲವಾದ ನನ್ನಂಥವರು ಈ ಪಾತ್ರವನ್ನು ಹಾಡುವುದು ವಾಡಿಕೆ, ಅದರಲ್ಲೊಂದು ಅಪಾಯವೂ ಇದೆ. ಆ ಅಪಾಯವನ್ನು ನನಗೆ ತೋರಿಸಿಕೊಟ್ಟವರು ನಮ್ಮ ರಂಗಮಂದಿರದ ಪ್ರಾಂಪ್ಟರ್.

ತಮ್ಮ ಹೆಸರು ಬರೆಯಕೂಡದೆಂದು ಅವರೇ ಕಟ್ಟುನಿಟ್ಟಾಗಿ ಹೇಳಿರುವುದರಿಂದ ಬರೆಯುವುದಿಲ್ಲ. ನಮ್ಮ ಕಂಪನಿ ನಾಟಕಗಳಲ್ಲಿ ಸೈಡ್ ವಿಂಗ್‌ನಲ್ಲಿ ನಿಂತು ಮಾತು ಕೊಡುತ್ತಿದ್ದವರ ಕೆಲಸವನ್ನೇ ಇವರು ವೇದಿಕೆಯ ಮುಂಚೂಣಿಯ ಪುಟ್ಟ ಪೆಟ್ಟಿಗೆಯೊಳಗೆ ಕುಳಿತು ಮಾಡುತ್ತಾರೆ. ಸಾಲಿನ ಮೊದಲ ಪದವನ್ನು ಅದು ನಮ್ಮ ಬಾಯಿಂದ ಹೊರಡುವುದಕ್ಕೆ ಕ್ಷಣ ಮುಂಚೆ, ತಾಳ ತಪ್ಪದಂತೆ ತುಟಿಯಲ್ಲಿ ತೋರಿಸುತ್ತಾರೆ. ಪ್ರೇಕ್ಷಕರಿಗೆ ಅವರು ಕಾಣುವುದಿಲ್ಲ, ಕೊನೆಗೆ ವಂದಿಸಲು ವೇದಿಕೆಗೂ ಬರುವುದಿಲ್ಲ.

ನಾನು ಮಾತೇ ಆಡಬಾರದಿದ್ದ ದಿನಗಳವು. ಧ್ವನಿ ಮರಳುವ ಭರವಸೆ ಯಾರೂ ಕೊಡಲಾರದೆ ಹೋದ ಸಂಜೆ ಅವರು ನನ್ನ ಮನೆಗೆ ಬಂದರು. ಪಾತ್ರವನ್ನು ಬಿಟ್ಟುಕೊಡುತ್ತೇನೆಂದು ಚೀಟಿಯಲ್ಲಿ ಬರೆದುಕೊಟ್ಟೆ. ಓದಿ, ಮಡಚಿ, ಕೋಟಿನ ಜೇಬಿಗೆ ಹಾಕಿಕೊಂಡು, ಇಂಥ ನಿರ್ಧಾರ ಮಾಡುವ ಹೊತ್ತಲ್ಲ ಇದು ಎಂದರು. ಆಮೇಲೆ ಲೊಟ್ಟೆ ಲೆಹ್ಮನ್ ಅವರ ಪ್ರಸಂಗ ತೆಗೆದರು. ಈ ಒಪೆರಾದ ಮೂರೂ ಸ್ತ್ರೀಧ್ವನಿಯ ಮುಖ್ಯ ಪಾತ್ರಗಳನ್ನು (ಮಾರ್ಷಲಿನ್, ಆಕ್ಟೇವಿಯನ್, ಆಕ್ಟೇವಿಯನ್ ಮುಂದೆ ಪ್ರೀತಿಸುವ ಹುಡುಗಿ ಸೋಫಿ) ಬೇರೆ ಬೇರೆ ಕಾಲದಲ್ಲಿ ಹಾಡಿದ್ದ ಮಹಾನ್ ಗಾಯಕಿ ಅವರು. 1938ರ ವಸಂತದಲ್ಲಿ, ಆಸ್ಟ್ರಿಯಾ ನಾಜಿ ಜರ್ಮನಿಯ ವಶವಾದ ಕೆಲವೇ ವಾರಗಳ ನಂತರ, ಲಂಡನ್ನಿನ ಕವೆಂಟ್ ಗಾರ್ಡನ್‌ನಲ್ಲಿ ಮಾರ್ಷಲಿನ್ ಹಾಡುತ್ತಿದ್ದ ಲೆಹ್ಮನ್ ಮೊದಲ ಅಂಕದ ನಡುವೆಯೇ ಮುಂದುವರಿಸಲಾರದೆ ವೇದಿಕೆ ಬಿಟ್ಟರು; ಪ್ರೇಕ್ಷಕರ ನಡುವೆ ಕುಳಿತಿದ್ದ ಗಾಯಕಿ ಹಿಲ್ಡೆ ಕೊನೆಟ್ಸ್‌ನಿ ಎದ್ದು ಬಂದು ಉಳಿದದ್ದನ್ನು ಹಾಡಿದರು. ಲೆಹ್ಮನ್ ಆ ಬಳಿಕವೂ ವರ್ಷಗಟ್ಟಲೆ ಮಾರ್ಷಲಿನ್ ಆಗಿ ಹಾಡಿದರು ಎಂಬುದನ್ನು ಪ್ರಾಂಪ್ಟರ್ ಎರಡು ಸಲ ಹೇಳಿದರು.

ನಡುರಾತ್ರಿ ದಾಟಿದ ಮೇಲೆ ಸಂಗೀತದ ಪುಸ್ತಕವನ್ನು ಅಡುಗೆಮನೆಯ ಮೇಜಿನ ಮೇಲೆ ತೆರೆದು, ಮೊದಲ ಅಂಕದ ನನ್ನ ಸಾಲುಗಳನ್ನೆಲ್ಲ ಪಿಸುದನಿಯಲ್ಲಿ ಲಯಬದ್ಧವಾಗಿ ಓದತೊಡಗಿದರು. ನಾನು ಕೇಳುತ್ತ ಕುಳಿತಿರಬೇಕಾಗಿತ್ತು, ಅಷ್ಟೆ. ಕಾಲವೆಂಬುದು ವಿಚಿತ್ರ ವಸ್ತು, ಒಮ್ಮೊಮ್ಮೆ ನಡುರಾತ್ರಿ ಎದ್ದು ಮನೆಯ ಗಡಿಯಾರಗಳನ್ನೆಲ್ಲ ನಿಲ್ಲಿಸಿಬಿಡುತ್ತೇನೆ ಎಂದು ಮಾರ್ಷಲಿನ್ ಹೇಳುವ ಕಡೆ ಸ್ಟ್ರೌಸ್ ವಾದ್ಯವೃಂದವನ್ನೆಲ್ಲ ತೆಳುವಾಗಿಸಿ, ಹಾರ್ಪ್ ಮತ್ತು ಪುಟ್ಟ ಗಂಟೆಗಳಂತೆ ದನಿಕೊಡುವ ಕೀಲಿಮಣೆ ವಾದ್ಯ ಚೆಲೆಸ್ತಾಗಳಿಂದ ಗಂಟೆ ಹೊಡೆಸಿದ್ದಾರೆ. ಆ ಸಾಲು ಬಂದಾಗ ನನಗೆ ತಡೆಯಲಾಗಲಿಲ್ಲ. ದನಿಯಿಲ್ಲದೆ ಅಳುವುದು ಎಷ್ಟು ಅಸಹ್ಯವಾದ ಅನುಭವ ಎಂಬುದು ಆ ರಾತ್ರಿ ತಿಳಿಯಿತು. ಬಾಯಿ ತೆರೆದಿದೆ, ಮೈ ನಡುಗುತ್ತಿದೆ, ಏನೂ ಕೇಳಿಸುತ್ತಿಲ್ಲ. ಅವರು ಬೆನ್ನು ಸವರಲಿಲ್ಲ, ಸಮಾಧಾನದ ಮಾತಾಡಲಿಲ್ಲ. ವಾದ್ಯಗಳ ಭಾಗ ಮುಗಿಯಲೆಂದು ಕಾಯುವವರ ಹಾಗೆ ಬೆರಳಲ್ಲಿ ತಾಳ ಹಾಕುತ್ತ ಕಾದು, ನಾನು ಮುಖ ಎತ್ತಿದಾಗ ಮುಂದಿನ ಸಾಲು ಕೊಟ್ಟರು. ಬೆಳಗಿನ ಮೊದಲ ಟ್ರಾಮ್ ಹೊರಡುವವರೆಗೂ ಅವರು ಹೋಗಲಿಲ್ಲ.

ನಾನು ಮೊದಲು ಹೇಳಿದ ಅಪಾಯವನ್ನು ಅವರು ವಿವರಿಸಿದ್ದು ಧ್ವನಿ ಮರಳಿ, ತಾಲೀಮು ಶುರುವಾದ ಮೇಲೆ. “ನಿಮ್ಮ ದುಃಖವನ್ನು ಅವಳ ಮೇಲೆ ಹೊರಿಸಬೇಡಿ, ಅವಳಿಗೆ ಅವಳದೇ ಸಾಕಷ್ಟಿದೆ” ಎಂದರು. ಮೊದಲ ಅಂಕದ ಕೊನೆಯನ್ನು ಶೋಕದ ವಿದಾಯದಂತೆ ಎಳೆಯಬಾರದು, ಒಂದು ಕಣ್ಣು ಒದ್ದೆ, ಇನ್ನೊಂದು ಒಣಗಿರಬೇಕು ಎಂಬುದು ಸ್ಟ್ರೌಸ್ ಅವರದೇ ಸೂಚನೆ. ಪಠ್ಯವನ್ನು ಗಮನವಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಇಂದೋ ನಾಳೆಯೋ ನೀನು ನನ್ನನ್ನು ಬಿಟ್ಟು ಹೋಗುತ್ತೀ ಎಂದು ಹುಡುಗನಿಗೆ ಹೇಳಿ, ಅವನು ಅಳತೊಡಗಿದಾಗ, ಇವನು ನನ್ನನ್ನು ಬಿಟ್ಟು ಹೋಗಲಿರುವುದಕ್ಕೆ ನಾನೇ ಇವನನ್ನು ಸಂತೈಸಬೇಕಾಯಿತಲ್ಲ ಎಂದುಕೊಳ್ಳುವ ಹೆಣ್ಣು ಅವಳು. ಅವನು ಹೊರಟುಹೋದ ಮೇಲಷ್ಟೇ ಒಂದು ಮುತ್ತನ್ನೂ ಕೊಡಲಿಲ್ಲವೆಂದು ನೆನಪಾಗಿ ಆಳುಗಳನ್ನು ಅವನ ಹಿಂದೆ ಓಡಿಸುತ್ತಾಳೆ. ಕುದುರೆಯೇರಿ ಹೋದವನು ಅವರ ಕೈಗೆ ಸಿಗುವುದಿಲ್ಲ. ಇಷ್ಟು ನಗು, ಇಷ್ಟು ಸಂಕಟ ಒಟ್ಟಿಗೆ ಇರುವಲ್ಲಿ ನನ್ನ ಕಾಯಿಲೆಯ ಕಣ್ಣೀರನ್ನು ಸುರಿದಿದ್ದರೆ ಪಾತ್ರವೇ ಮುಳುಗುತ್ತಿತ್ತು. ಶನಿವಾರ ಆ ಜಾಗಕ್ಕೆ ಬಂದಾಗ ಪೆಟ್ಟಿಗೆಯ ಕಡೆ ನೋಡಿದೆ. ಅವರು ತಮ್ಮ ಒಂದು ಕಣ್ಣನ್ನು ಬೆರಳಿಂದ ಮುಟ್ಟಿ ತೋರಿಸಿದರು.

ಉಳಿದ ಎಲ್ಲರಿಗೂ ಕೃತಜ್ಞತೆ ಸಲ್ಲುತ್ತದೆ: ಧ್ವನಿಯನ್ನು ಸ್ವರಸ್ವರವಾಗಿ ಮರಳಿ ಕಟ್ಟಿಸಿದ ಚಿಕಿತ್ಸಕರಿಗೆ, ಪಿಯಾನೊ ಮುಂದೆ ಬೇಸರಪಡದೆ ಕುಳಿತ ತಾಲೀಮಿನ ಗುರುಗಳಿಗೆ, ಸಾರು ಅನ್ನ ಮಾಡಿ ತಂದುಕೊಟ್ಟ ಇಲ್ಲಿನ ಕನ್ನಡದ ಗೆಳತಿಯರಿಗೆ, ನನ್ನ ಜಾಗವನ್ನು ಖಾಲಿ ಇಟ್ಟುಕೊಂಡು ಕಾದ ರಂಗಮಂದಿರಕ್ಕೆ. ಆಕ್ಟೇವಿಯನ್ ಮತ್ತು ಸೋಫಿಯಾಗಿ ಹಾಡಿದ ಇಬ್ಬರು ಕಿರಿಯ ಗೆಳತಿಯರಿಗೆ ಒಂದು ಮಾತು ಹೆಚ್ಚು. ಮಾರ್ಷಲಿನ್ ಆ ಹುಡುಗನನ್ನು ಸೋಫಿಗೆ ಒಪ್ಪಿಸುವ, ಮೂವರು ಕೂಡಿ ಹಾಡುವ ಕೊನೆಯ ಟ್ರಿಯೊವನ್ನು 1949ರಲ್ಲಿ ಸ್ಟ್ರೌಸ್ ಅವರ ಅಂತ್ಯಕ್ರಿಯೆಯಲ್ಲಿ ಹಾಡಿದಾಗ, ಮೂವರು ಗಾಯಕಿಯರೂ ಒಬ್ಬೊಬ್ಬರಾಗಿ ದನಿ ಕುಸಿದು, ಮತ್ತೆ ಬಂದು ಸೇರಿಕೊಂಡರಂತೆ. ನನ್ನ ದನಿ ಎಲ್ಲಾದರೂ ಕುಸಿದರೆ ಎಷ್ಟು ಹೊತ್ತು ಬೇಕಾದರೂ ನಾವು ಹಿಡಿದುಕೊಂಡಿರುತ್ತೇವೆ ಎಂದು ನೀವು ಹೇಳಿದ್ದಿರಿ. ಅದರ ಅಗತ್ಯ ಬೀಳಲಿಲ್ಲ, ಆದರೆ ಆ ಮಾತಿನ ಬಲದ ಮೇಲೆಯೇ ಮೊದಲ ಸ್ವರ ಎತ್ತಿದೆ.

ಮುಂದಿನ ಪ್ರದರ್ಶನಗಳಿಗೆ ಬರುವವರು ದಯವಿಟ್ಟು ಹೊತ್ತಿಗೆ ಸರಿಯಾಗಿ ಬನ್ನಿ, ಬಾಗಿಲು ಹಾಕಿದ ಮೇಲೆ ಒಳಗೆ ಬಿಡುವುದಿಲ್ಲ. ಎರಡನೆಯ ಅಂಕದಲ್ಲಿ ಮಾರ್ಷಲಿನ್ ವೇದಿಕೆಗೆ ಬರುವುದೇ ಇಲ್ಲ, ಮೂರನೆಯದರಲ್ಲೂ ತಡವಾಗಿಯೇ ಬರುತ್ತಾಳೆ. ಅಷ್ಟು ಹೊತ್ತೂ ನಾನು ಒಳಗೆ ಬಿಸಿನೀರು ಕುಡಿಯುತ್ತ ಕುಳಿತಿರುತ್ತೇನೆ, ಗಾಬರಿಯಾಗಬೇಡಿ.