ತಮ್ಮನ ಟಿಬಿ ವಾಸಿಯಾಯಿತು, ಜೊತೆಗೆ ನಿಂತವರಿಗೆ ನಮಸ್ಕಾರ

ನನ್ನ ತಮ್ಮನ ಟಿಬಿ ಚಿಕಿತ್ಸೆ ಹೋದ ವಾರ ಮುಗಿಯಿತು. ಕೊನೆಯ ಕಫ ಪರೀಕ್ಷೆಯಲ್ಲಿ ರೋಗಾಣು ಕಾಣಲಿಲ್ಲ. ವಾಸಿಯಾಗಿದೆ ಎಂದು ಡಾಕ್ಟರು ಬರೆದುಕೊಟ್ಟರು. ಆ ಚೀಟಿಯನ್ನು ಮನೆಯವರೆಲ್ಲ ಒಬ್ಬರಾದ ಮೇಲೆ ಒಬ್ಬರು ಕೈಗೆ ತಗೊಂಡು ಓದಿದೆವು.

ಡಾಕ್ಟರಿಗೆ ಅವತ್ತೇ ಕೈ ಮುಗಿದು ಬಂದೆವು. ಈ ಬರಹ ಅವರ ಜೊತೆ ಕೆಲಸ ಮಾಡುವ ಆ ಚಿಕ್ಕ ಸಂಸ್ಥೆಯವರಿಗೆ. ಲಾಭದ ಆಸೆಯಿಲ್ಲದೆ, ಆರೋಗ್ಯ ಎಲ್ಲರಿಗೂ ಸಮನಾಗಿ ಸಿಗಬೇಕು ಎಂದು ದುಡಿಯುವ ಜನ ಇವರು. ಸಂಸ್ಥೆಯ ಹೆಸರು ಬರೆಯುತ್ತಿಲ್ಲ. ಅದು ಎಲ್ಲರಿಗೂ ಗೊತ್ತಾದರೆ, ಅವರು ಬಾಗಿಲು ತಟ್ಟಿದ ಮನೆಯಲ್ಲಿ ಯಾವ ಕಾಯಿಲೆ ಇದೆ ಅನ್ನುವುದೂ ಗೊತ್ತಾಗುತ್ತದೆ. ನಮ್ಮ ಬೀದಿಗೆ ಬರುವ ಮುಂಚೆ ಕೊರಳಿನ ಗುರುತಿನ ಚೀಟಿ ತೆಗೆದು ಚೀಲದಲ್ಲಿ ಹಾಕಿಕೊಳ್ಳುತ್ತಿದ್ದವರು ಅವರು. ಆ ಎಚ್ಚರವನ್ನು ನಾನು ಕೆಡಿಸಬಾರದು.

ಟಿಬಿಯ ರೋಗಾಣುವನ್ನು ರಾಬರ್ಟ್ ಕಾಕ್ 1882ರಲ್ಲೇ ಕಂಡುಹಿಡಿದರು. ಗುಣಪಡಿಸುವ ಔಷಧಿ ಬಂದು ದಶಕಗಳೇ ಆದವು. ಹಾಗಿದ್ದೂ ಪ್ರಪಂಚದಲ್ಲಿ ವರ್ಷಕ್ಕೆ 10 ಲಕ್ಷಕ್ಕಿಂತ ಜಾಸ್ತಿ ಜನ ಈ ಕಾಯಿಲೆಯಿಂದ ಸಾಯುತ್ತಿದ್ದಾರೆ. ಮದ್ದು ಗೊತ್ತಿದ್ದೂ ಯಾಕೆ ಹೀಗೆ ಅಂತ ನನಗೆ ಅರ್ಥವಾಗಿದ್ದು, ಕಾಯಿಲೆ ನಮ್ಮ ಮನೆಗೇ ಬಂದಾಗ.

ಮಾತ್ರೆಗೆ ನಾವು ದುಡ್ಡು ಕೊಡಬೇಕಾಗಿರಲಿಲ್ಲ. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಆಮೇಲೆ ನಾಲ್ಕು ತಿಂಗಳು ಅವುಗಳಲ್ಲೇ ಕೆಲವು. ಕೇಳುವಾಗ ಸುಲಭ, ಅಲ್ವಾ? ಆದರೆ ನನ್ನ ತಮ್ಮ ದಿನಗೂಲಿಯವನು. ಮಾತ್ರೆ ಕೊಡುವ ಹೊತ್ತೂ ಅವನ ಕೆಲಸದ ಹೊತ್ತೂ ಒಂದೇ. ಸಾಲಿನಲ್ಲಿ ನಿಂತ ದಿನ ಕೂಲಿ ಇಲ್ಲ. ಕೆಲವು ವಾರಕ್ಕೆ ಕೆಮ್ಮು ಇಳಿಯಿತು, ಜ್ವರ ಬಿಟ್ಟಿತು. ಇನ್ನು ಮಾತ್ರೆ ಯಾಕೆ ಅಂದ. ತುಂಬಾ ಜನ ಚಿಕಿತ್ಸೆ ಬಿಡುವುದು ಇಲ್ಲೇ. ಅರ್ಧಕ್ಕೆ ಬಿಟ್ಟರೆ ಉಳಿದ ರೋಗಾಣು ಮತ್ತೆ ಬೆಳೆಯುತ್ತದೆ. ಔಷಧಿಗೆ ಬಗ್ಗದಂತೆಯೂ ಆಗಬಹುದು.

ಎರಡು ಸಲ ಮಾತ್ರೆ ತಗೊಳ್ಳಲು ಹೋಗದಿದ್ದಾಗ ಸಂಸ್ಥೆಯ ಕಾರ್ಯಕರ್ತೆ ಮನೆಗೆ ಬಂದರು. ಬೈಯುತ್ತಾರೆ ಅಂದುಕೊಂಡಿದ್ದೆವು. ಅವರು ಕೇಳಿದ್ದು, ಕೆಲಸ ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ. ಆಮೇಲೆ ದುಡಿಯುವವರು ಯಾರು, ಯಾರು ಯಾವ ಕೋಣೆಯಲ್ಲಿ ಮಲಗುತ್ತಾರೆ, ಕಿಟಕಿ ಇದೆಯಾ ಅಂತ. ಬರೆದುಕೊಂಡು ಹೋದರು. ಮುಂದಿನ ವಾರದಿಂದ ಕೆಲಸ ಮುಗಿಸಿ ಬರುವ ಹೊತ್ತಿಗೆ ಮಾತ್ರೆ ಸಿಗುವ ಹಾಗಾಯಿತು. ಮನೆಯವರಿಗೆಲ್ಲ ಪರೀಕ್ಷೆಯೂ ಆಯಿತು.

ಅಮ್ಮನಿಗೆ ಅವರು ಹೇಳಿದ ರೀತಿಗೆ ನಾನು ಎಷ್ಟು ಕೃತಜ್ಞಳಾದರೂ ಸಾಲದು. ಅಮ್ಮ ಹೆದರಿ ಅವನ ತಟ್ಟೆ ಲೋಟ ಬೇರೆ ಇಟ್ಟಿದ್ದಳು. ಅವನು ಮೂಲೆಯಲ್ಲಿ ಒಬ್ಬನೇ ಕೂತು ಉಣ್ಣುತ್ತಿದ್ದ. ಇದು ಹರಡುವುದು ಗಾಳಿಯಿಂದ, ತಟ್ಟೆ ಲೋಟದಿಂದ ಅಲ್ಲ, ಕಿಟಕಿ ತೆರೆದಿಡಿ ಸಾಕು, ಮಾತ್ರೆ ಸರಿಯಾಗಿ ತಗೊಂಡರೆ ಕೆಲವೇ ವಾರಗಳಲ್ಲಿ ಹರಡುವ ಭಯ ಬಹಳ ಕಡಿಮೆಯಾಗುತ್ತದೆ ಎಂದು ಪಕ್ಕದಲ್ಲಿ ಕೂತು ತಾಳ್ಮೆಯಿಂದ ಹೇಳಿದರು. ಒಂದೇ ಸಲಕ್ಕೆ ಅಮ್ಮ ನಂಬಲಿಲ್ಲ. ಬಂದಾಗೆಲ್ಲ ಮತ್ತೆ ಹೇಳಿದರು. ಯಾರ ಕಣ್ಣಿಗೂ ಬೀಳದ ಕೆಲಸ ಇದು. ಯಾವ ವರದಿಯಲ್ಲೂ ಬರುವುದಿಲ್ಲ. ನನ್ನ ತಮ್ಮ ಮತ್ತೆ ಎಲ್ಲರ ಜೊತೆ ಊಟಕ್ಕೆ ಕೂತ.

ರಿಫಾಂಪಿಸಿನ್ ಅನ್ನುವ ಔಷಧಿಯಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ ಎಂದು ಮೊದಲೇ ಹೇಳಿದ್ದೂ ಅವರೇ. ಹೇಳದೆ ಇದ್ದಿದ್ದರೆ ಅದನ್ನು ನೋಡಿಯೇ ಅವನು ಮಾತ್ರೆ ಎಸೆಯುತ್ತಿದ್ದ.

ಸಂಸ್ಥೆಯಲ್ಲಿ ಇನ್ನೊಬ್ಬರು ತಮ್ಮನ ಒಪ್ಪಿಗೆ ಪಡೆದು ಅವನ ಮಾಲೀಕರ ಹತ್ತಿರ ಮಾತಾಡಿದರು. ಕೆಲಸ ಉಳಿಯಿತು. ಮತ್ತೊಬ್ಬರು ಓಡಾಟದ ಖರ್ಚು, ಪೌಷ್ಟಿಕ ಆಹಾರದ ಏರ್ಪಾಡು ನೋಡಿಕೊಂಡರು. ಟಿಬಿಯಿಂದ ಮನೆಗೆ ಬೀಳುವ ಹೊರೆ ವರ್ಷದ ಆದಾಯದಲ್ಲಿ ಶೇ. 20 ದಾಟಿದರೆ ಅದನ್ನು ವಿಪರೀತ ಹೊರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕುತ್ತದೆ. ಆ ಲೆಕ್ಕದಲ್ಲಿ ಕಳೆದುಕೊಂಡ ಕೂಲಿಯೂ ಸೇರುತ್ತದೆ. ಊಟವೂ ಸಣ್ಣ ವಿಷಯವಲ್ಲ. ಜಾರ್ಖಂಡ್‌ನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರೋಗಿಯ ಮನೆಯವರಿಗೆಲ್ಲ ಹೆಚ್ಚಿನ ಪೌಷ್ಟಿಕ ಆಹಾರ ಕೊಟ್ಟಾಗ ಅವರಲ್ಲಿ ಹೊಸದಾಗಿ ಟಿಬಿ ಬರುವುದು ಶೇ. 39ರಷ್ಟು ಕಡಿಮೆಯಾಗಿತ್ತು. ಕಾರ್ಯಕರ್ತೆ ಪ್ರತಿ ತಿಂಗಳೂ ತಮ್ಮನ ತೂಕ ನೋಡುತ್ತಿದ್ದರು. ಮುಳ್ಳು ಸ್ವಲ್ಪ ಮೇಲೆ ಹೋದರೂ ಸಾಕು, ಅವರ ಮುಖ ಅರಳುತ್ತಿತ್ತು.

ಸಂಸ್ಥೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಲೆಕ್ಕ ನೋಡುವ ಹುಡುಗನಿಗೂ ಥ್ಯಾಂಕ್ಸ್. ನಾವು ಅವನನ್ನು ಭೇಟಿಯಾಗಿದ್ದು ಕೊನೆಯಲ್ಲಿ. ಚಿಕಿತ್ಸೆ ಮುಗಿಸಿದವರ ಒಟ್ಟು ಲೆಕ್ಕ ಚೆನ್ನಾಗಿ ಕಾಣುತ್ತಿದ್ದಾಗಲೂ ಅವನು ಅಷ್ಟಕ್ಕೆ ಸುಮ್ಮನಾಗಿರಲಿಲ್ಲವಂತೆ. ಚಿಕಿತ್ಸೆ ಬಿಟ್ಟವರನ್ನು ಬೇರೆ ಮಾಡಿ ನೋಡಿದ್ದಾನೆ. ಅದರಲ್ಲಿ ಹೆಚ್ಚಿನವರು ದಿನಗೂಲಿಯವರು, ರಾತ್ರಿ ಪಾಳಿಯವರು. ಸಂಜೆ ಮಾತ್ರೆ ಕೊಡುವ ಯೋಚನೆ ಹುಟ್ಟಿದ್ದು ಅಲ್ಲಿಂದ. ಬ್ರಿಟನ್ನಿನ ಆರೋಗ್ಯ ತಜ್ಞ ಮೈಕೆಲ್ ಮಾರ್ಮಟ್ ಅಧ್ಯಕ್ಷತೆಯ ಆಯೋಗ 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಕೊಟ್ಟ ವರದಿ ಹೇಳಿದ್ದೂ ಇದನ್ನೇ: ಜನ ಹುಟ್ಟಿ ಬೆಳೆಯುವ, ದುಡಿಯುವ, ಮುಪ್ಪಾಗುವ ಪರಿಸ್ಥಿತಿಯೇ ಅವರ ಆರೋಗ್ಯವನ್ನು ಬಹಳ ಮಟ್ಟಿಗೆ ನಿರ್ಧರಿಸುತ್ತದೆ. ಈ ಹುಡುಗ ಆ ಮಾತನ್ನು ಒಂದು ವೇಳಾಪಟ್ಟಿಯಾಗಿ ಬದಲಾಯಿಸಿದ.

ಇಂಥ ಸಂಸ್ಥೆಗಳಿಗೆ ದಾನ ಕೊಡುವವರಲ್ಲಿ ಒಂದು ಕೋರಿಕೆ. ಯಂತ್ರಕ್ಕೆ, ಕಟ್ಟಡಕ್ಕೆ ಕೊಡಿ, ಬೇಡ ಅನ್ನುವುದಿಲ್ಲ. ಸಂಬಳಕ್ಕೂ ಕೊಡಿ, ಬಸ್ ಚಾರ್ಜಿಗೂ ಕೊಡಿ. ಮನೆ ಮನೆ ಸುತ್ತುವ ಈ ಹೆಣ್ಣುಮಕ್ಕಳ ಕೆಲಸ ಒಂದು ವರ್ಷದ ಯೋಜನೆಯ ಜೊತೆ ಮುಗಿದುಹೋಗಬಾರದು. ಅವರಿಗೂ ಮನೆ ಇದೆ, ಬಾಡಿಗೆ ಇದೆ. ತಾವೇ ನಾಳೆ ಹೇಗೋ ಅನ್ನುವ ಚಿಂತೆಯಲ್ಲಿ ಇದ್ದುಕೊಂಡು ನಮ್ಮ ಚಿಂತೆ ಹೊತ್ತವರು ಅವರು.

ಅಕ್ಕಾ, ಇದನ್ನು ನೀವು ಓದುತ್ತೀರಿ ಅಂತ ಗೊತ್ತು. ತಮ್ಮನ ತೂಕ ಈಗ ಕಾಯಿಲೆಗೆ ಮುಂಚೆ ಇದ್ದಷ್ಟೇ ಆಗಿದೆ. ಅವನ ಜೊತೆ ಕೆಲಸ ಮಾಡುವ ಒಬ್ಬರಿಗೆ ಎರಡು ವಾರಕ್ಕಿಂತ ಜಾಸ್ತಿ ದಿನದಿಂದ ಕೆಮ್ಮು. ಅವರನ್ನು ತಮ್ಮನೇ ಒಪ್ಪಿಸಿದ್ದಾನೆ. ಶನಿವಾರ ಸಂಜೆ ಇಬ್ಬರೂ ನಿಮ್ಮ ಹತ್ತಿರ ಬರುತ್ತಾರೆ.